ಬಣ್ಣವಿಲ್ಲದ ಬಾಟಲಿ

ನಾನೂರ ಮೂವತ್ತೊಂದು. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಅವನು ಎಡಗೈಯಲ್ಲಿದ್ದ ಕೌಂಟರನ್ನು ನೋಡಿದ. ಮುಷ್ಟಿಯೊಳಗೆ ಹಿಡಿಸುವ ಸ್ಟೀಲಿನ ಡಬ್ಬಿ ಅದು. ಒಮ್ಮೆ ಒತ್ತಿದರೆ ಒಂದು ಅಂಕಿ ಮುಂದಕ್ಕೆ ಹೋಗುತ್ತದೆ, ಪಕ್ಕದ ತಿರುಪು ತಿರುಗಿಸಿದರೆ ಮತ್ತೆ ಸೊನ್ನೆ. ಹದಿನೇಳು ವರ್ಷ ಅವನ ಹೆಬ್ಬೆರಳು ಒತ್ತಿ ಒತ್ತಿ ಅದರ ನೆತ್ತಿ ಸವೆದುಹೋಗಿತ್ತು. ಎಲ್ಲೋ ಎರಡೆರಡು ಸಲ ಒತ್ತಿರಬೇಕು ಎಂದುಕೊಂಡು, ಸೊನ್ನೆಗೆ ತಂದು, ಮತ್ತೆ ಗಾಜಿನ ಮೇಲೆ ಬಗ್ಗಿದ. ಗೆರೆ ಕೊರೆದ ಚೌಕಗಳೊಳಗೆ ಎದೆಯ ಕ್ಯಾನ್ಸರಿನ ಜೀವಕೋಶಗಳು ಹರಡಿಕೊಂಡಿದ್ದವು. ಸತ್ತವು ನೀಲಿ ಬಣ್ಣ ಕುಡಿದು ಕಪ್ಪಿಟ್ಟಿರುತ್ತವೆ. ಬದುಕಿದವು ಬಣ್ಣವನ್ನು ಒಳಗೆ ಬಿಟ್ಟುಕೊಳ್ಳದೆ ದುಂಡಗೆ, ಬೆಳ್ಳಗೆ, ನೀರಿನ ಮೇಲಿನ ಎಣ್ಣೆಹನಿಯ ಹಾಗೆ ಮಿನುಗುತ್ತವೆ. ಇಲ್ಲಿ ನೀಲಿ ಹುಡುಕಿದರೂ ಸಿಗಲಿಲ್ಲ. ಎಲ್ಲ ಮಿನುಗುವವೇ. ಮೇಲಿನ ಎಡ ಮೂಲೆಯಿಂದ ಶುರು ಮಾಡಿ, ಗೆರೆಯ ಮೇಲೆ ಕೂತದ್ದನ್ನು ಒಂದು ಬದಿಯಲ್ಲಿ ಸೇರಿಸಿ ಇನ್ನೊಂದು ಬದಿಯಲ್ಲಿ ಬಿಟ್ಟು, ಉಸಿರು ಬಿಗಿಹಿಡಿದು ಎಣಿಸಿದ. ನಾನೂರ ಮೂವತ್ತೆಂಟು. ಅವನ್ನು ಬೆಳೆಸುವ ಪ್ಲೇಟಿನಲ್ಲಿ ಏನೂ ಹಾಕದ ಸಾಲಿನಿಂದ ಬೆಳಿಗ್ಗೆ ಸಿಕ್ಕಿದ್ದು ನೂರ ತೊಂಬತ್ತು. ಈ ಸಾಲಿಗೆ ಹಾಕಿದ್ದು ಸೋಯಾದಿಂದ ತೆಗೆದ ಅಂಶ, ಅದೂ ತೀರ ಕಡಿಮೆ. ದಿನಾ ಸೋಯಾ ತಿನ್ನುವವರ ರಕ್ತದಲ್ಲಿ ಇರಬಹುದಾದಷ್ಟು, ಎಂದು ಲ್ಯಾಬಿನ ಪುಸ್ತಕದ ಹಾಳೆಯ ಮೇಲ್ಗಡೆ ಬರೆದಿತ್ತು.

ದಿನಾ ತಿನ್ನುವವರ ರಕ್ತದಲ್ಲಿ. ಬೆಳಿಗ್ಗೆ ಏಳೂವರೆಗೆ ಅಕ್ಕನ ಕೈಗೆ ಲೋಟ ಕೊಟ್ಟಿದ್ದ. ಹಿಂದಿನ ದಿನ ನೆನೆಸಿಟ್ಟ ಸೋಯಾ ಕಾಳಿನ ಸಿಪ್ಪೆ ಉಜ್ಜಿ ತೆಗೆದು, ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಉಕ್ಕಿ ಚೆಲ್ಲದಂತೆ ಒಲೆಯ ಮುಂದೆ ಕಾವಲು ನಿಂತು ಕಾಯಿಸಿದ ಹಾಲು. ಎಂಟು ತಿಂಗಳಲ್ಲಿ ಒಂದು ದಿನ ತಪ್ಪಿಸಿರಲಿಲ್ಲ. ಅವಳು ಹೊಲಿಗೆ ಮಿಷನ್ನಿನ ಮುಂದೆ ಕೂತಲ್ಲೇ ಮೂಗು ಹಿಡಿದುಕೊಂಡು ಕುಡಿಯುತ್ತಿದ್ದಳು. “ಗೋಣಿಚೀಲ ತೊಳೆದ ನೀರು ಕುಡಿದ ಹಾಗಾಗುತ್ತೆ ಕಣೋ ಮೊಂಡ,” ಎನ್ನುತ್ತಿದ್ದಳು. “ಮಾತಾಡ್ದೆ ಕುಡಿ,” ಎಂದು ಇವನು ಗದರುತ್ತಿದ್ದ. ಲೋಟದ ತಳ ಕಾಣುವವರೆಗೂ ಅಲ್ಲೇ ನಿಂತಿರುತ್ತಿದ್ದ. ಅವಳನ್ನು ಗದರುವ ಹಕ್ಕು ಆ ಲೋಟದಿಂದಲೇ ಅವನಿಗೆ ಬಂದದ್ದು. ಅದಕ್ಕೆ ಮೊದಲು ಗದರುವವಳು ಅವಳೇ ಆಗಿದ್ದಳು. ಅಮ್ಮ ಸತ್ತಾಗ ಅವಳಿಗೆ ಹದಿನಾರು, ಇವನಿಗೆ ಆರು. ಮೊನ್ನೆ ಸೂಜಿಗೆ ದಾರ ಪೋಣಿಸುತ್ತ, ದಾರ ಕಣ್ಣಿಗೆ ಸೇರದೆ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಳ್ಳುತ್ತ, “ಕಂಕುಳಲ್ಲಿ ಏನೋ ಕೈಗೆ ಸಿಗ್ತಿದೆ ಕಣೋ,” ಎಂದಿದ್ದಳು. ಎಡಗಡೆ, ಎದೆ ತೆಗೆದ ಗಾಯದ ಗೆರೆ ಮುಗಿಯುವಲ್ಲಿ. “ಎಷ್ಟು ದೊಡ್ಡದು?” ಎಂದು ಕೇಳಿದ್ದಕ್ಕೆ, “ನಿನ್ನ ಸೋಯಾ ಕಾಳಿನಷ್ಟು,” ಎಂದು ನಕ್ಕಿದ್ದಳು. ಇವತ್ತು ಮೂರು ಗಂಟೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.

ಗಾಜನ್ನು ತೊಳೆಯಲು ಎದ್ದವನು ಕಾವುಪೆಟ್ಟಿಗೆಯ ಬಾಗಿಲಿಗೆ ಒರಗಿದ. ಒಳಗೆ, ಮೈಯ ಶಾಖದಷ್ಟೇ ಶಾಖದಲ್ಲಿ, ಕಪಾಟುಗಳ ತುಂಬ ಅವೇ ಬೆಳೆಯುತ್ತಿದ್ದವು. ಯಾವುದೋ ಕಾಲದಲ್ಲಿ ಯಾರೋ ಹೆಂಗಸಿನ ಮೈಯಿಂದ ತೆಗೆದ ಜೀವಕೋಶಗಳ ಮಕ್ಕಳು, ಮೊಮ್ಮಕ್ಕಳು. ಆಕೆ ಎಂದೋ ಸತ್ತಳು, ಅವಳನ್ನು ತಿಂದದ್ದು ಮಾತ್ರ ಇನ್ನೂ ಸಾಯಲಿಲ್ಲ. ಎರಡು ದಿನಕ್ಕೊಮ್ಮೆ ಅವನೇ ಅವುಗಳ ಹಳೆಯ ದ್ರವವನ್ನು ಹೀರಿ ತೆಗೆದು ಹೊಸದನ್ನು ಹಾಕುತ್ತಿದ್ದ. ಆ ದ್ರವಕ್ಕೆ ಮೀಡಿಯಂ ಎಂದು ಹೆಸರಿದ್ದರೂ ಕೆಲಸವನ್ನು ಲ್ಯಾಬಿನಲ್ಲಿ ಎಲ್ಲರೂ ಊಟ ಹಾಕುವುದು ಎಂದೇ ಕರೆಯುತ್ತಿದ್ದರು. ಊಟ ಹಾಕಿ ಆಯ್ತಾ? ಊಟ ಹಾಕದೆ ಮನೆಗೆ ಹೋಗಬೇಡಿ. ಇವತ್ತಿನವರೆಗೆ ಅವನಿಗೆ ಆ ಮಾತಿನಲ್ಲಿ ಏನೂ ಅನ್ನಿಸಿರಲಿಲ್ಲ. ಈಗ ತನ್ನ ಎರಡು ಕೈಗಳನ್ನು ನೋಡಿಕೊಂಡ. ಬೆಳಿಗ್ಗೆ ಮನೆಯಲ್ಲಿ ಊಟ ಹಾಕಿದ್ದೂ ಇದೇ ಕೈ, ಒಂಬತ್ತು ಗಂಟೆಗೆ ಇಲ್ಲಿ ಹಾಕಿದ್ದೂ ಇದೇ ಕೈ. ಒಂದು ಕಡೆ ಹಾಕಿದ್ದು ಇನ್ನೊಂದು ಕಡೆ ಹೋಗಿ ಬೆಳೆಯುತ್ತಿದೆ ಎಂಬ ಹುಚ್ಚು ಯೋಚನೆ ಬಂತು.

“ಎಷ್ಟು ಬಂತಣ್ಣ?”

ಬಾಗಿಲಲ್ಲಿ ಕನ್ನಡಕದ ಮೇಡಂ. ಆರು ತಿಂಗಳ ಹಿಂದೆ ಸಂಶೋಧನೆಗೆಂದು ಬಂದವಳು. ಲ್ಯಾಬಿನ ಮುಖ್ಯಸ್ಥರಾದ ದೊಡ್ಡವರು ಹೋದ ವರ್ಷ ಮಾಡಿಸಿದ ಸೋಯಾ ಪ್ರಯೋಗವನ್ನು ಮೊದಲಿನಿಂದ ಮತ್ತೆ ಮಾಡುತ್ತಿದ್ದಳು.

“ನಾನೂರ ಮೂವತ್ತೆಂಟು.”

“ಅಯ್ಯೋ, ನಿಜವಾಗ್ಲೂ? ಏನೂ ಹಾಕದ್ದು?”

“ನೂರ ತೊಂಬತ್ತು.”

ಅವಳು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದಳು. “ಬೆಳೆದಿದಾವೆ! ನಾನು ಹೇಳಿರ್ಲಿಲ್ವಾ? ಬೇರೆ ಕಡೆ ಮಾಡಿದವರೆಲ್ಲ ಹೀಗೇ ಬರ್ದಿದಾರೆ. ಸ್ವಲ್ಪ ಹಾಕಿದ್ರೆ ಬೆಳೀತವೆ, ಜಾಸ್ತಿ ಹಾಕಿದ್ರೆ ಸಾಯ್ತವೆ. ನಮ್ಮಲ್ಲಿ ಮಾತ್ರ ಸ್ವಲ್ಪ ಹಾಕಿದ್ರೆ ಏನೂ ಆಗಲ್ಲ ಅಂತ ಬಂದಿತ್ತು. ಅದೇ ನನ್ನ ತಲೆ ತಿಂತಾ ಇತ್ತು.”

“ಯಾಕೆ ಬೆಳೀತವೆ?” ಹದಿನೇಳು ವರ್ಷದಲ್ಲಿ ಅವನು ಯಾಕೆ ಎಂದು ಕೇಳಿದ್ದು ಅದೇ ಮೊದಲು. ಬಾಟಲಿ ತೊಳೆಯಲು ಸೇರಿದವನು, ಕೈ ಚುರುಕೆಂದು ಎಣಿಸಲು ಕೂತವನು. ಯಾಕೆ ಎಂಬುದು ಓದಿದವರ ಪಾಲಿನದು.

“ಸೋಯಾದ ಈ ಅಂಶ ನೋಡೋಕೆ ಹೆಣ್ಣಿನ ಹಾರ್ಮೋನಿನ ಹಾಗೇ ಇರುತ್ತಣ್ಣ. ಜೀವಕೋಶಕ್ಕೆ ಗುರುತು ತಪ್ಪುತ್ತೆ. ನಮ್ಮೋರೇ ಬಂದ್ರು ಅಂತ ಬಾಗಿಲು ತೆಗೆದುಬಿಡುತ್ತೆ.”

“ಮತ್ತೆ ಹೋದ ವರ್ಷ ಯಾಕೆ ತೆಗೀಲಿಲ್ಲ?”

“ತೆಗೆದಿತ್ತು. ಆದ್ರೆ ಏನೂ ಹಾಕದ ಸಾಲಲ್ಲೂ ತೆಗೆದಿತ್ತು! ಎರಡೂ ಕಡೆ ನಾನೂರರ ಮೇಲೆ. ಅದಕ್ಕೇ ವ್ಯತ್ಯಾಸ ಕಾಣ್ಲಿಲ್ಲ. ಯಾರಾದ್ರೂ ಕೆಂಪು ಮೀಡಿಯಂ ಹಾಕಿದ್ರೆ ಹಾಗಾಗುತ್ತೆ. ಆ ಕೆಂಪು ಬಣ್ಣಾನೂ ಇವಕ್ಕೆ ಹಾರ್ಮೋನಿನ ಹಾಗೇ ಅಲ್ವಾ, ಅದಕ್ಕೇ ಈ ಪ್ರಯೋಗಕ್ಕೆ ಬಣ್ಣವಿಲ್ಲದ್ದೇ ಬೇಕು ಅನ್ನೋದು. ಆದ್ರೆ ಹಳೇ ಪುಸ್ತಕದಲ್ಲಿ ‘ಬಣ್ಣವಿಲ್ಲದ್ದು’ ಅಂತ ದುಂಡಗೆ ಬರ್ದಿದೆ. ನಿಮ್ಮ ಅಕ್ಷರಾನೇ ಅಲ್ವಾ ಅಣ್ಣ? ಏನಾದ್ರೂ ನೆನಪಿದ್ಯಾ?”

“ಎಲ್ಲಾ ನೆನಪಿಟ್ಕೊಂಡು ಕೂತಿರೋಕೆ ನನಗೇನು ಬೇರೆ ಕೆಲಸ ಇಲ್ವಾ?” ಎಂದು ಕೂಗಿಬಿಟ್ಟ. ಗಾಜಿನ ಕೋಣೆಯಲ್ಲಿ ಅವನ ದನಿ ಅವನಿಗೇ ಬಡಿಯಿತು. ಅವಳ ಮುಖ ಸಣ್ಣದಾಯಿತು. “ತಪ್ಪಾಯ್ತಣ್ಣ, ಸುಮ್ನೆ ಕೇಳ್ದೆ,” ಎಂದು ಪುಸ್ತಕವನ್ನು ಎದೆಗೆ ಅವುಚಿಕೊಂಡು ಹೊರಟುಹೋದಳು. ಅವಳ ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುವವರೆಗೆ ಅವನು ನೋಡುತ್ತ ನಿಂತ.

ನೆನಪಿತ್ತು. ಫ್ರಿಜ್ಜಿನ ಬಾಗಿಲ ಮೇಲೆ ದೊಡ್ಡವರೇ ಅಂಟಿಸಿದ್ದ ಚೀಟಿಯ ಅಂಟುಟೇಪು ಹಳದಿಗೆ ತಿರುಗಿದ್ದೂ ನೆನಪಿತ್ತು: ಸೋಯಾ ಪ್ಲೇಟಿಗೆ ಬಣ್ಣವಿಲ್ಲದ್ದು ಮಾತ್ರ. ಆ ವಾರ ಬಣ್ಣವಿಲ್ಲದ ಬಾಟಲಿ ಖಾಲಿಯಾಗಿತ್ತು, ಹೊಸದು ಬಂದಿರಲಿಲ್ಲ, ದೊಡ್ಡವರು ಯಾವುದೋ ಸಭೆಗೆ ಹೋಗಿದ್ದರು, ಪ್ಲೇಟುಗಳು ಊಟಕ್ಕೆ ಕಾದಿದ್ದವು. ಕೆಂಪು ಬಾಟಲಿ ಪಕ್ಕದಲ್ಲೇ ಇತ್ತು. ಹುಳಿಯಾದರೆ ಹಳದಿಗೆ ತಿರುಗಲಿ ಎಂದು ಬೆರೆಸಿದ ಬಣ್ಣ ತಾನೇ, ಒಳಗಿರುವುದು ಅದೇ ಸಕ್ಕರೆ ಅದೇ ಉಪ್ಪು, ಓದಿದವರ ಮಡಿವಂತಿಕೆ ಇದು ಎಂದುಕೊಂಡು ಹಾಕಿದ್ದ. ಎಣಿಸುವ ಮೊದಲು ದ್ರವವನ್ನೆಲ್ಲ ತೊಳೆದು ಚೆಲ್ಲುತ್ತಾರೆ, ಯಾರಿಗೂ ಕಾಣುವುದಿಲ್ಲ. ಪುಸ್ತಕದಲ್ಲಿ ಬರೆಯುವಾಗ ಒಂದು ಗಳಿಗೆ ಪೆನ್ನು ನಿಂತಿತ್ತು. ಅದಕ್ಕೆ ಎರಡು ವರ್ಷ ಮೊದಲು ಕಾವುಪೆಟ್ಟಿಗೆಯೊಂದಕ್ಕೆ ಬೂಷ್ಟು ಹಿಡಿದಾಗ ತಾನಾಗಿಯೇ ಹೋಗಿ, ಸಾರ್ ನನ್ನ ಕೈಯಿಂದ ತಪ್ಪಾಯ್ತು ಎಂದು ಒಪ್ಪಿಕೊಂಡಿದ್ದ. ದೊಡ್ಡವರು ಹನ್ನೆರಡು ಜನರ ಎದುರು, ಅವನ ಕಡೆ ತಿರುಗದೆ, ಗೋಡೆಗೆ ಹೇಳುವ ಹಾಗೆ, “ಇದಕ್ಕೇ ನಾನು ಹೇಳೋದು, ಬಾಟ್ಲಿ ತೊಳೆಯೋರನ್ನ ಬಾಟ್ಲಿ ತೊಳೆಯೋಕೇ ಬಿಡಬೇಕು ಅಂತ,” ಎಂದಿದ್ದರು. ಯಾರೋ ಕೆಮ್ಮಿದ ಹಾಗೆ ನಕ್ಕಿದ್ದರು. ಆ ನಗು ಪೆನ್ನಿನ ತುದಿಯಲ್ಲಿ ಬಂದು ಕೂತಿತು. ‘ಬಣ್ಣವಿಲ್ಲದ್ದು’ ಎಂದು ಬರೆದ, ತನ್ನ ಅತ್ಯುತ್ತಮ ಅಕ್ಷರದಲ್ಲಿ. ಸ್ವಲ್ಪ ಹಾಕಿದರೆ ಏನೂ ಆಗುವುದಿಲ್ಲ, ಹೆಚ್ಚು ಹಾಕಿದರೆ ಸಾಯುತ್ತವೆ ಎಂದು ಫಲಿತಾಂಶ ಬಂತು. ದೊಡ್ಡವರು ಮೊದಲ ಸಲ ಅವನ ಬೆನ್ನು ತಟ್ಟಿದರು. ಅಕ್ಕನಿಗೆ ಎದೆ ತೆಗೆಸಿ ಆಗಷ್ಟೇ ಎಂಟು ವಾರ. ಅವತ್ತು ಮನೆಗೆ ಹೋದವನೇ ಚಪ್ಪಲಿ ಬಿಡುವ ಮೊದಲೇ ಹೇಳಿದ್ದ: “ಸೋಯಾ ಹಾಕಿದ್ರೆ ಸತ್ತೇ ಹೋಗ್ತವೆ ಅಕ್ಕ. ನಾನೇ ಕಣ್ಣಾರೆ ಎಣಿಸ್ದೆ.” ಸಾಯುವುದು ಸುಳ್ಳಲ್ಲ. ಎಷ್ಟು ಹಾಕಿದರೆ ಎಂಬುದನ್ನು ಮಾತ್ರ ಹೇಳಲಿಲ್ಲ. ಯಾವ ಮನುಷ್ಯರ ರಕ್ತಕ್ಕೂ ಏರದಷ್ಟು ಹಾಕಿದರೆ. ಅದನ್ನು ಹೇಳಿದ್ದರೆ ಅವಳ ಮುಖದಲ್ಲಿ ಎದ್ದ ಆ ಬೆಳಕು ಏಳುತ್ತಿರಲಿಲ್ಲ.

ಅರ್ಧ ದಿನದ ರಜೆಗೆ ಸಹಿ ಹಾಕಿಸಲು ದೊಡ್ಡವರ ಕೋಣೆಗೆ ಹೋದಾಗ ಹೇಳಿಬಿಡೋಣ ಎಂದು ಬಾಯಿ ತೆರೆದದ್ದೂ ಹೌದು. ಅವರು ಕಾಗದದಿಂದ ಕಣ್ಣೆತ್ತದೆ, “ಏನಪ್ಪಾ, ಇನ್ನೂ ನಿಂತಿದೀಯಲ್ಲ, ಸಾಲ ಕೇಳೋರ ಹಾಗೆ?” ಎಂದರು. “ಏನಿಲ್ಲ ಸಾರ್,” ಎಂದ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಹೊರಗೆ ಒಬ್ಬ ಗೋಡೆಗೆ ಸುಣ್ಣ ಬಳಿಯುತ್ತಿದ್ದ. ಬಳಿದ ಭಾಗ ಒಣಗುತ್ತ ಬೆಳ್ಳಗಾಗುತ್ತಿತ್ತು, ಚುಕ್ಕೆ ಚುಕ್ಕೆಯಾಗಿ, ಒಂದರ ಪಕ್ಕ ಒಂದು ಹುಟ್ಟಿ ಕೂಡಿಕೊಳ್ಳುತ್ತ. ಅವನು ಕಣ್ಣು ಮುಚ್ಚಿದ. ರೆಪ್ಪೆಯ ಒಳಗೂ ಅವೇ ಇದ್ದವು, ಮಿನುಗುತ್ತ. ಎಂಟು ತಿಂಗಳೆಂದರೆ ಎಷ್ಟು ಲೋಟ? ಒಂದೊಂದು ಲೋಟಕ್ಕೂ ಎಷ್ಟು ಬಾಗಿಲು? ಜೇಬಿನಲ್ಲಿ ಏನೋ ಗಟ್ಟಿಯಾಗಿ ಒತ್ತಿತು. ಕೌಂಟರನ್ನು ಅಲ್ಲೇ ಇಡುವುದನ್ನು ಮರೆತು ತಂದಿದ್ದ. ಅಂಕಿ ಹಾಗೇ ಇತ್ತು.

ಅಕ್ಕ ಹೊರಟು ನಿಂತಿದ್ದಳು. ಮಿಷನ್ನಿನ ಮೇಲೆ ಶಾಲೆಯ ಬಿಳಿ ಅಂಗಿಗಳ ರಾಶಿ, ಕಾಲರು ಹಚ್ಚಿದವು ಒಂದು ಕಡೆ, ಹಚ್ಚಬೇಕಾದವು ಇನ್ನೊಂದು ಕಡೆ. “ಏನೋ, ಹೆಣ ನೋಡ್ದೋನ ಹಾಗೆ ಬಂದಿದೀಯ? ರೋಗ ನನಗೆ ಬಂದಿರೋದು, ನಿನಗಲ್ಲ,” ಎಂದಳು. ನೆನೆಸಿದ ಕಾಳು ಪಾತ್ರೆಯಲ್ಲಿ ಊದಿಕೊಂಡು ಕೂತಿತ್ತು, ನಾಳೆಯ ಲೋಟಕ್ಕೆ. ಇವತ್ತು ಅವನಿಗೆ ಸಮಯವಾಗುವುದಿಲ್ಲವೆಂದು ಅವಳೇ ನೆನೆಸಿಟ್ಟಿದ್ದಳು. ಪಾತ್ರೆಯ ಮೇಲೆ ತಟ್ಟೆ ಮುಚ್ಚಿದ. ಮುಚ್ಚಿದರೂ ಅದು ಒಳಗೆ ಊದುತ್ತಿರುವುದು ಅವನಿಗೆ ಗೊತ್ತಾಗುತ್ತಿತ್ತು.

ಆಸ್ಪತ್ರೆಯ ಓಣಿಯಂಥ ಹಜಾರದಲ್ಲಿ ಎರಡು ಸಾಲು ಬೆಂಚು. ಹೆಂಗಸರು, ಅವರ ಪಕ್ಕದಲ್ಲಿ ಗಂಡಸರು, ಎಲ್ಲರ ತೊಡೆಯ ಮೇಲೂ ಅದೇ ಬಗೆಯ ದಪ್ಪ ಕವರು. ಯಾರೂ ಯಾರ ಕವರನ್ನೂ ನೋಡುವುದಿಲ್ಲ, ಎಲ್ಲರೂ ಎಲ್ಲರ ಎದೆಯನ್ನೂ ನೋಡುತ್ತಾರೆ. ಅವನು ಎದುರಿನ ಹೆಂಗಸಿನ ರವಿಕೆಯಿಂದ ಕಣ್ಣು ಕಿತ್ತು ನೆಲಕ್ಕೆ ಹಾಕಿದ. ನಾಚಿಕೆಯಾಯಿತು. ಹೇಳಬೇಕು, ಈಗಲೇ, ಒಳಗೆ ಹೋಗುವ ಮೊದಲು ಹೇಳಬೇಕು. ಹೇಳಿದರೆ ಅವಳು ಏನು ಮಾಡುತ್ತಾಳೆ? ಅಳುವುದಿಲ್ಲ. ನೋಡುತ್ತಾಳೆ. ಹಿಂದೊಮ್ಮೆ ಶಾಲೆಯಲ್ಲಿ ಮೇಷ್ಟ್ರ ಸಹಿಯನ್ನು ತಾನೇ ಹಾಕಿ ಅಂಕಪಟ್ಟಿ ತೋರಿಸಿದ್ದಾಗ ನೋಡಿದ ಹಾಗೆ. ಅವತ್ತು ಅವಳು ಹೊಡೆಯಲಿಲ್ಲ, ಊಟ ಬಡಿಸಿದಳು. ಟಿಕ್, ಟಿಕ್ ಎಂಬ ಸದ್ದಿಗೆ ಪಕ್ಕದವರು ತಿರುಗಿದರು. ಅಕ್ಕ ಅವನ ಜೇಬಿಗೇ ಕೈಹಾಕಿ ಮುಷ್ಟಿಯನ್ನು ಹೊರಗೆಳೆದಳು.

“ಏನಿದು? ಕೊಡು ಇಲ್ಲಿ. ಮೊದಲೇ ಎಲ್ಲರ ಜೀವ ಬಾಯಿಗೆ ಬಂದಿದೆ, ನೀನು ಬೇರೆ ಗಡಿಯಾರದ ಹಾಗೆ.” ಕಸಿದು ತನ್ನ ಚೀಲಕ್ಕೆ ಹಾಕಿಕೊಂಡಳು. ಕರೆ ಬಂದಾಗ ಒಳಗೆ ಹೋಗುವ ಮೊದಲು ಸೆರಗಿನ ಮರೆಯಲ್ಲಿ ಎಡಗಡೆಯಿಂದ ಬಟ್ಟೆಯ ಗಂಟೊಂದನ್ನು ತೆಗೆದು ಅವನ ಕೈಗೆ ತುರುಕಿದಳು. ಅವಳೇ ಹೊಲಿದುಕೊಂಡ ಎದೆ. ಬಲಗಡೆಯದರಷ್ಟೇ ತೂಕ ಬರಲೆಂದು ಒಳಗೆ ಕಾಳು ತುಂಬಿದ್ದಳು. “ನಿನ್ನ ಸೋಯಾನೇ. ಒಳಗೂ ಅದೇ, ಹೊರಗೂ ಅದೇ. ಬೀಳಿಸ್ಬೇಡ,” ಎಂದು ನಕ್ಕು ಬಾಗಿಲು ತಳ್ಳಿಕೊಂಡು ಹೋದಳು. ಅದು ಅವನ ಅಂಗೈಯಲ್ಲಿ ಬೆಚ್ಚಗಿತ್ತು. ಬೆರಳು ಅಲುಗಿದರೆ ಒಳಗೆ ಕಾಳುಗಳು ಒಂದರ ಮೇಲೊಂದು ಜರುಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಅವನು ಅಲುಗಾಡದೆ ಕೂತ. ಇಪ್ಪತ್ತು ನಿಮಿಷ ಒಂದು ಬೆರಳನ್ನೂ ಆಡಿಸಲಿಲ್ಲ.

ಆಮೇಲೆ ಅವನನ್ನೂ ಒಳಗೆ ಕರೆದರು. ಡಾಕ್ಟರು ಐವತ್ತರ ಆಸುಪಾಸಿನ ಹೆಂಗಸು. ಕೈ ತೊಳೆದು ಒರೆಸಿಕೊಳ್ಳುತ್ತಿದ್ದರು. ಅಕ್ಕನ ಕಂಕುಳ ಗಂಟಿನಿಂದ ಸೂಜಿಯಲ್ಲಿ ಜೀವಕೋಶ ತೆಗೆದಾಗಿತ್ತು, ಗಾಜಿನ ಪಟ್ಟಿಗಳು ಟ್ರೇಯಲ್ಲಿದ್ದವು. “ನಾಡಿದ್ದು ಗೊತ್ತಾಗುತ್ತೆ. ಅಲ್ಲೀವರೆಗೆ ಸುಮ್ನೆ ಏನೇನೋ ಯೋಚನೆ ಮಾಡ್ಬೇಡಿ,” ಎಂದು ಅಕ್ಕನ ಕಡೆ ತಿರುಗಿದರು. “ಹಾರ್ಮೋನ್ ತಡೆಯೋ ಆ ಮಾತ್ರೆ ಬಿಟ್ಟಿಲ್ಲ ತಾನೇ? ಐದು ವರ್ಷ ತಗೋಬೇಕು ಅಂತ ಹೇಳಿದ್ದೆ.”

“ಇಲ್ಲ,” ಎಂದಳು ಅಕ್ಕ, ಗೋಡೆಯ ಗಡಿಯಾರ ನೋಡುತ್ತ.

ಅವನಿಗೆ ತಡೆಯಲಾಗಲಿಲ್ಲ. ಕೈಯಲ್ಲಿ ಆ ಬಟ್ಟೆಯ ಗಂಟು ಹಿಡಿದುಕೊಂಡೇ, “ಡಾಕ್ಟ್ರೇ, ನಾನು ಇವಳಿಗೆ ಸೋಯಾ ಹಾಲು ಕೊಡ್ತಿದ್ದೆ. ಎಂಟು ತಿಂಗಳು, ದಿನಾ ಒಂದು ಲೋಟ. ನಮ್ಮ ಲ್ಯಾಬಲ್ಲಿ ಇವತ್ತು ಎಣಿಸ್ದೆ. ಎರಡರಷ್ಟು ಬೆಳೆದಿದಾವೆ,” ಎಂದ.

“ಎಲ್ಲಿ ಬೆಳೆದಿದ್ದು?”

“ಪ್ಲೇಟಲ್ಲಿ.”

“ಪ್ಲೇಟಿಗೆ ಹೊಟ್ಟೆ ಇದ್ಯಾ? ಕರುಳು ಇದ್ಯಾ? ಲಿವರ್ ಇದ್ಯಾ?” ಡಾಕ್ಟರು ಟವೆಲ್ಲನ್ನು ಮೊಳೆಗೆ ಹಾಕಿದರು. “ಸೋಯಾ ತಿನ್ನೋ ಹೆಂಗಸರನ್ನ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾರೆ ಕಣ್ರೀ. ಊಟದಲ್ಲಿ ತಿಂದೋರಿಗೆ ಕಾಯಿಲೆ ಜಾಸ್ತಿ ಆಗಿದ್ದು ಕಂಡಿಲ್ಲ. ಸಾರ ಹಿಂಡಿ ಗುಳಿಗೆ ಮಾಡಿ ಮಾರ್ತಾರಲ್ಲ, ಅದನ್ನ ಮಾತ್ರ ತಗೋಬೇಡಿ. ಒಂದು ಲೋಟ ಹಾಲು ಕುಡಿದ್ರೆ ಕುಡೀಲಿ, ಅದು ಊಟ. ಗಂಟು ತರೋದೂ ಇಲ್ಲ, ಗಂಟು ಕರಗ್ಸೋದೂ ಇಲ್ಲ. ತಡೆಯೋದು ಆ ಮಾತ್ರೆ. ಇಷ್ಟು ವರ್ಷ ಲ್ಯಾಬಲ್ಲಿದೀರಿ, ಇಷ್ಟೂ ಗೊತ್ತಿಲ್ವಾ?”

ಅವಮಾನ ಮಾಡಿದ್ದಕ್ಕೆ ಅವರ ಕಾಲಿಗೆ ಬೀಳಬೇಕೆನಿಸಿತು. ಇಷ್ಟೂ ಗೊತ್ತಿಲ್ಲ, ಹೌದು, ದಡ್ಡ, ಬಾಟಲಿ ತೊಳೆಯುವವನು, ಇನ್ನೂ ಬೈಯಿರಿ. ಹೊರಗೆ ಬಂದಾಗ ಹಜಾರದ ಕಿಟಕಿಯಿಂದ ಬೀಳುವ ಬಿಸಿಲೂ ಕಂಡಿತು, ಯಾರದೋ ಮಗು ಬೆಂಚಿನ ಕೆಳಗೆ ತೆವಳುವುದೂ ಕಂಡಿತು. ಮೆಟ್ಟಿಲ ಹತ್ತಿರ ಬಂದಾಗ ಪಕ್ಕದಲ್ಲಿ ಅಕ್ಕ ಇರಲಿಲ್ಲ. ಹಿಂದೆ, ಕೊನೆಯ ಬೆಂಚಿನ ಮೇಲೆ ಕೂತುಬಿಟ್ಟಿದ್ದಳು. ಅವನು ವಾಪಸು ಕೊಟ್ಟ ಬಟ್ಟೆಯ ಗಂಟನ್ನು ಎದೆಗೆ ಸೇರಿಸದೆ ತೊಡೆಯ ಮೇಲಿಟ್ಟುಕೊಂಡಿದ್ದಳು.

“ಕರಗ್ಸೋದೂ ಇಲ್ವಂತಾ?” ಎಂದಳು.

“ಊಟ ಅಂದ್ರಲ್ಲ. ಬಿಡು, ಕೆಡುಕಿಲ್ವಲ್ಲ.”

“ನೀನು ಸತ್ತೇ ಹೋಗ್ತವೆ ಅಂದಿದ್ದೆ.”

ಅವನು ಮೆಟ್ಟಿಲಿನಿಂದ ತಿರುಗಿ ಬಂದು ಅವಳ ಎದುರು ನಿಂತ.

“ಆ ಮಾತ್ರೆ ತಗೊಂಡ್ರೆ ಮೈಯೆಲ್ಲ ಬೆಂಕಿ ಇಟ್ಟ ಹಾಗಾಗುತ್ತೆ ಕಣೋ. ಮಿಷನ್ ಮುಂದೆ ಕೂತ್ರೆ ಹಣೆಯಿಂದ ನೀರು ತೊಟ್ಟಿಕ್ಕುತ್ತೆ. ಬಿಳಿ ಬಟ್ಟೆ. ಎರಡು ಸಲ ಕಲೆಯಾಗಿ ಶಾಲೆಯವರು ವಾಪಸ್ ಕಳಿಸಿದ್ರು. ನಿನ್ನ ಹಾಲು ಹೇಗೂ ಇದೆಯಲ್ಲ, ನೀನು ಎಣಿಸಿ ನೋಡಿದೀಯಲ್ಲ ಅಂತ...” ಗಂಟಿನ ಹೊಲಿಗೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು. “ಬಿಟ್ಟು ಐದು ತಿಂಗಳಾಯ್ತು.”

“ತಿಂಗಳು ತಿಂಗಳೂ ನಾನು ತಂದು ಕೊಡ್ತಿದ್ನಲ್ಲೇ!”

“ಗುಂಡಿ ಡಬ್ಬಿಯಲ್ಲಿದಾವೆ. ತಳದಲ್ಲಿ.”

ಕೋಪ ಕಾಲಿನಿಂದ ಹತ್ತಿತು. ಅವನಿಗೆ ಗೊತ್ತಿದ್ದ ಕೋಪ, ಎಲ್ಲವನ್ನೂ ಮುಚ್ಚಿಬಿಡುವ ಕೋಪ. ಒಮ್ಮೆ ಕೂಗಿದರೆ ತಪ್ಪು ಎದುರಿನವರದಾಗುತ್ತದೆ. ಬಾಯಿಯವರೆಗೂ ಬಂತು. ಆ ಗುಂಡಿಯ ಡಬ್ಬಿಯನ್ನು ದಿನಾ ನೋಡಿದ್ದ, ಅದರ ಮೇಲೇ ಲೋಟ ಇಡುತ್ತಿದ್ದ. ಬೆಳಿಗ್ಗೆ ಕನ್ನಡಕದವಳ ಮುಖ ಸಣ್ಣದಾದದ್ದು ಎದುರಿಗೆ ಬಂತು. ಅಕ್ಕ ತಲೆ ತಗ್ಗಿಸಿ, ಭುಜ ಒಳಗೆ ಎಳೆದುಕೊಂಡು, ಬೀಳುವ ಏಟಿಗೆ ಕಾಯುವವಳ ಹಾಗೆ ಕೂತಿದ್ದಳು. ಅವನನ್ನು ಸಾಕಿದವಳು. ಅವನು ಬೆಂಚಿನ ಮೇಲೆ ಕುಸಿದ.

“ನನಗ್ಯಾಕೆ ಹೇಳ್ಲಿಲ್ಲ?”

“ಹೆದ್ರಿಕೆ. ಕೂಗಾಡ್ತೀಯ.”

ಹಜಾರದ ಆ ತುದಿಯಲ್ಲಿ ಯಾರದೋ ಸರದಿಯನ್ನು ಕರೆದರು. ಅವನು ನೆಲ ನೋಡುತ್ತ ಹೇಳಿದ. ಬಾಟಲಿ ಖಾಲಿಯಾಗಿದ್ದು, ಕೆಂಪದ್ದನ್ನು ಹಾಕಿದ್ದು, ಪುಸ್ತಕದಲ್ಲಿ ಬೇರೆ ಬರೆದದ್ದು. ಸರಿಯಾಗಿ ಬರೆದಿದ್ದರೆ ಅವತ್ತೇ ಪ್ರಯೋಗ ಮತ್ತೆ ಮಾಡಿರುತ್ತಿದ್ದರು, ಬೆಳೆಯುವುದು ಅವತ್ತೇ ಕಾಣುತ್ತಿತ್ತು, ತಾನು ಹೆದರಿ ಸೋಯಾ ಮನೆಗೇ ತರುತ್ತಿರಲಿಲ್ಲ, ಸಾಯುತ್ತವೆ ಎಂದು ಜಂಬ ಕೊಚ್ಚುತ್ತಿರಲಿಲ್ಲ, ಅವಳು ಮಾತ್ರೆ ಬಿಡುತ್ತಿರಲಿಲ್ಲ.

“ಕೆಂಪೋ ಹಸಿರೋ ನನಗೇನು ಗೊತ್ತಾಗುತ್ತೆ?” ಎಂದಳು ಅಕ್ಕ. “ಸುಳ್ಳು ಬರ್ದೆಯಾ?”

“ಹೂಂ.”

“ಗೊತ್ತಿದ್ದೂ?”

“ಹೂಂ.”

“ಯಾಕೋ?”

“ಹೆದ್ರಿಕೆ. ದೊಡ್ಡವರೆದುರು ಮತ್ತೆ...”

ಅವಳು ಅವನನ್ನು ನೋಡಿದಳು. ಅಂಕಪಟ್ಟಿಯ ದಿನದ ನೋಟವಲ್ಲ ಇದು. ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುವಾಗ ಇರುವಂಥದ್ದು. ಆಮೇಲೆ ಗಂಟನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. “ಬಾ. ಆ ಯಮ್ಮ ಮನೆಗೆ ಹೋಗೋಕೆ ಮುಂಚೆ ಹೇಳ್ಬಿಡೋಣ. ನೀನು ಮುಂದೆ ನಡಿ, ನನಗೆ ನಾಚಿಕೆ.”

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿಗೆ ಒರಗಿ, ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಎಂದಿನಿಂದ ಬಿಟ್ಟದ್ದೆಂದು ಕೇಳಿ ಕಾಗದದ ಮೇಲೆ ಬರೆದುಕೊಂಡರು. ಟ್ರೇಯಲ್ಲಿದ್ದ ಗಾಜಿನ ಪಟ್ಟಿಗಳ ಕಡೆ ಒಮ್ಮೆ ನೋಡಿದರು. ಆ ನೋಟವನ್ನು ಅವನು ಕಂಡ. ಹದಿನೇಳು ವರ್ಷದಿಂದ ಗಾಜಿನ ಪಟ್ಟಿ ನೋಡುವವರನ್ನು ಅವನು ಬಲ್ಲ. “ಇವತ್ತಿಂದಲೇ ಶುರು ಮಾಡಿ. ಬೆವರಿಗೆ ಬೇರೆ ಏನಾದ್ರೂ ದಾರಿ ಇರುತ್ತೆ, ನೋಡೋಣ. ಅದನ್ನ ಅವತ್ತೇ ಬಂದು ಹೇಳ್ಬೇಕಿತ್ತಮ್ಮ,” ಎಂದರು. ನಾಡಿದ್ದು ಬೆಳಿಗ್ಗೆ ಹತ್ತಕ್ಕೆ ಬನ್ನಿ ಎಂದರು. ಈ ಸಲ ಯೋಚನೆ ಮಾಡಬೇಡಿ ಎನ್ನಲಿಲ್ಲ.

ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಅಕ್ಕ ಮಿಷನ್ನಿನ ಪಕ್ಕದ ಡಬ್ಬಿಯನ್ನು ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿದಳು. ಗುಂಡಿಗಳು ಉರುಳಿ ಚೆದುರದೆ ಬಟ್ಟೆಯ ಮಡಿಕೆಗಳಲ್ಲಿ ನಿಂತವು, ಕೊನೆಗೆ ತಳದಲ್ಲಿ ಕಚ್ಚಿಕೊಂಡಿದ್ದ ಮಾತ್ರೆಯ ಪಟ್ಟಿಗಳು ಬಿದ್ದವು. ಒಂದೂ ಒಡೆದಿರಲಿಲ್ಲ. ಸಾಲು ಸಾಲಾಗಿ ದುಂಡಗೆ, ಬೆಳ್ಳಗೆ. ಅವನು ಮುಖ ತಿರುಗಿಸಿ ಕನ್ನಡಕದವಳ ನಂಬರು ಒತ್ತಿದ. ಆ ಕಡೆ ಕರೆ ಹೋಗುತ್ತಿದ್ದಂತೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು. ಬೆಳಿಗ್ಗೆ ಮಿಕ್ಕಿದ್ದ ಹಾಲನ್ನು ಅವಳು ಲೋಟಕ್ಕೆ ಬಗ್ಗಿಸುತ್ತಿದ್ದಳು.

“ಅದು ಯಾಕೆ? ನೀರು ತಗೋ,” ಎಂದ.

“ಊಟ ಅಂದ್ರಲ್ಲ ಅವರು. ಚೆಲ್ಲೋದ್ಯಾಕೆ?”

ಊಟ. ನಂಬುತ್ತೇನೆ ಎಂದುಕೊಂಡ. ಆದರೂ ಲೋಟ ಅವಳ ತುಟಿಯ ಹತ್ತಿರ ಹೋದಾಗ ಅವನ ಕೈ ತಾನಾಗಿಯೇ ಅರ್ಧ ಎದ್ದಿತು. “ಹೇಳಿ ಅಣ್ಣ,” ಎಂದಿತು ಕಿವಿಯಲ್ಲಿ ದನಿ, ಬೆಳಿಗ್ಗೆ ಬೈಸಿಕೊಂಡ ಹಿಂಜರಿಕೆ ಇನ್ನೂ ಅದರಲ್ಲಿತ್ತು.

“ಮೇಡಂ, ಆ ಹಳೇ ಪುಸ್ತಕ... ಬಣ್ಣವಿಲ್ಲದ್ದು ಅಂತ ಬರ್ದಿರೋದು ನಾನೇ. ಹಾಕಿದ್ದು ಕೆಂಪದ್ದು. ನಾಳೆ ನಾನೇ ದೊಡ್ಡವರ ಹತ್ರ ಹೋಗಿ ಹೇಳ್ತೀನಿ. ನೀವು ಮೊದಲು ತಿದ್ದಿ.”

ಆ ಕಡೆ ಹಾಳೆ ತಿರುವುವ ಸದ್ದು ಕೇಳಿಸಿತು. ಅಕ್ಕ ಪಟ್ಟಿಯಿಂದ ಒಂದು ಮಾತ್ರೆ ಒತ್ತಿ ತೆಗೆದು, ನಾಲಿಗೆಯ ಮೇಲಿಟ್ಟು, ಮೂಗು ಹಿಡಿದುಕೊಂಡು ಹಾಲು ಕುಡಿದಳು. ಅವಳ ಗಂಟಲು ಏರಿ ಇಳಿಯಿತು. ಲೋಟ ಕೆಳಗಿಟ್ಟು ಚೀಲದೊಳಗೆ ಏನನ್ನೋ ತಡಕಿ ಸ್ಟೀಲಿನ ಡಬ್ಬಿಯನ್ನು ಹೊರತೆಗೆದಳು, ಬೆಳಕಿಗೆ ಹಿಡಿದು ನೋಡಿದಳು. “ಇದೇನೋ ನಾನೂರ ಚಿಲ್ಲರೆ ತೋರಿಸ್ತಿದೆ?” ಎಂದವಳೇ ಪಕ್ಕದ ತಿರುಪು ಸಿಕ್ಕಿ ತಿರುಗಿಸಿದಳು. ಅಂಕಿಗಳು ಗರಗರ ಉರುಳಿ ಸೊನ್ನೆಯಾದವು. ನಾಡಿದ್ದು ಬೆಳಿಗ್ಗೆ ಹತ್ತು ಗಂಟೆ ಎಂಬುದು ಬಾಗಿಲಾಚೆ ಬಂದು ನಿಂತವರ ಹಾಗೆ ನಿಂತಿತ್ತು.

ಅವಳು ಪಟ್ಟಿಯಲ್ಲಿ ಖಾಲಿಯಾದ ಮಾತ್ರೆಯ ಗುಳಿಯನ್ನು ನೋಡುತ್ತ ಹೆಬ್ಬೆರಳಿನಿಂದ ಒಮ್ಮೆ ಒತ್ತಿದಳು.

“ಒಂದು,” ಎಂದಳು.